ಊರ ಕಾರ್ಡಿನಿಂದ ಕಡಿಸಿದ ಹೆಸರು

ಮೂವತ್ತೆರಡಕ್ಕೇ ನಿವೃತ್ತನಾದೆ ಅಂದರೆ ಜನ ನಗುತ್ತಾರೆ. ಆದರೆ ನನ್ನ ಕೆಲಸ ಮುಗಿದದ್ದು ಹಾಗೆಯೇ. ಮುಂಬೈ ಹತ್ತಿರದ ಕಲ್ಯಾಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಇದ್ದೆ. ಮೊದಲ ಮೂರು ವರ್ಷ ವಾರ್ಡ್‌ಬಾಯ್. ಆಮೇಲಿನ ಆರು ವರ್ಷ ಸರ್ಕಾರಿ ಆರೋಗ್ಯ ಯೋಜನೆಯ ಮೇಜಿನಲ್ಲಿ. ಒಂದು ದಿನ ಆಸ್ಪತ್ರೆ ಯೋಜನೆಯಿಂದ ಹೊರಬಂತು. ಬೋರ್ಡು ಇಳಿಸಿದರು, ಮೇಜು ಎತ್ತಿದರು, ನನ್ನನ್ನೂ ಮನೆಗೆ ಕಳಿಸಿದರು. ಈಗ ರಿಕ್ಷಾ ಓಡಿಸುತ್ತೇನೆ. ಆ ಮೇಜಿಗೆ ಮತ್ತೆ ಕರೆದರೂ ಹೋಗುವುದಿಲ್ಲ.

ನಮ್ಮ ಗಲ್ಲಿಯ ಹುಡುಗಿಯೊಬ್ಬಳಿಗೆ ಥಾಣೆಯ ಆಸ್ಪತ್ರೆಯಲ್ಲಿ ಇದೇ ಕೆಲಸ ಸಿಕ್ಕಿದೆ. "ಅಣ್ಣಾ, ಏನೇನ್ ನೋಡ್ಕೋಬೇಕು?" ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ಯಾವ ಗುಂಡಿ ಒತ್ತಬೇಕು ಎಂಬುದನ್ನು ಟ್ರೇನಿಂಗಿನಲ್ಲಿ ಹೇಳಿಕೊಡುತ್ತಾರೆ. ಅಲ್ಲಿ ಹೇಳದ್ದನ್ನು ನಾನು ಬರೆಯುತ್ತೇನೆ. ನನ್ನ ಓದು ಇಂಡಿ ತಾಲೂಕಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಮಾತ್ರ. ಆಮೇಲೆ ಕಲ್ಯಾಣಕ್ಕೆ ಬಂದು ಅಪ್ಪನ ಜೊತೆ ಸೆಂಟ್ರಿಂಗ್ ಕೆಲಸಕ್ಕೆ ಹೋದವನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೇಜಿನ ಯಜಮಾನಿ ವೈಶಾಲಿ ಮೇಡಂ. ಯೋಜನೆಯವರೇ ಅವರನ್ನು ನೇಮಿಸಿದ್ದರು. ಆ ಹುದ್ದೆಗೆ ಆರೋಗ್ಯಮಿತ್ರ ಅನ್ನುತ್ತಾರೆ, ಅದಕ್ಕೆ ಓದಿರಬೇಕು. ನಾನು ಅಲ್ಲಿಗೆ ಹೋದದ್ದು ಒಂದು ಜಗಳದಿಂದ. ಮೇಡಂ ಒಬ್ಬ ಅಜ್ಜಿಗೆ ಮರಾಠಿಯಲ್ಲಿ ಬೈಯುತ್ತಿದ್ದರು, ಅಜ್ಜಿ ಮೇಡಂಗೆ ಕನ್ನಡದಲ್ಲಿ ಬೈಯುತ್ತಿದ್ದಳು. ನಾನು ಖಾಲಿ ಸ್ಟ್ರೆಚರನ್ನು ಗೋಡೆಗೆ ನಿಲ್ಲಿಸಿ ನಡುವೆ ಹೋದೆ. ಇಬ್ಬರೂ ಹೇಳುತ್ತಿದ್ದುದು ಒಂದೇ: ನಾಳೆ ಫೋಟೋ ತರುವುದು. ಮರುದಿನದಿಂದ ನನ್ನ ಕುರ್ಚಿ ಮೇಡಂ ಪಕ್ಕದಲ್ಲಿ. ಲೈನಿನಲ್ಲಿ ನಿಲ್ಲುತ್ತಿದ್ದವರಲ್ಲಿ ಕಲಬುರಗಿ, ವಿಜಯಪುರ, ರಾಯಚೂರಿನ ಮುದುಕರು ಬಹಳ. ಅವರ ಮಾತು, ಅವರ ಕಾಗದ ಓದುವವನೊಬ್ಬ ಬೇಕಿತ್ತು.

ಯೋಜನೆ ಏನೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ಮಹಾರಾಷ್ಟ್ರದ ಹಳದಿ ಅಥವಾ ಕೇಸರಿ ರೇಷನ್ ಕಾರ್ಡಿನವರಿಗೆ ದೊಡ್ಡ ಆಪರೇಶನ್ ಉಚಿತ. ಬಿಳಿ ಕಾರ್ಡಿನವರಿಗೆ ಇಲ್ಲ. ಕಾರ್ಡಿನಲ್ಲಿ ರೋಗಿಯ ಹೆಸರು ಇರಲೇಬೇಕು. ಕೊನೆಯ ಈ ಮಾತಿನಲ್ಲೇ ವಯಸ್ಸಾದವರು ಸಿಕ್ಕಿಬೀಳುತ್ತಿದ್ದರು. ಮಗನ ಕಾರ್ಡು ಇಲ್ಲಿಯದು, ಅವರ ಹೆಸರು ಊರಿನ ಕಾರ್ಡಿನಲ್ಲಿ.

ಮೊದಲ ದಿನ ಮೇಡಂ ನನಗೆ ಹೇಳಿಕೊಟ್ಟದ್ದು ಒಂದೇ ಪಾಠ. ಅವರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಸಿದ್ದು, ಮುದುಕರು ಬಂದರೆ ಮೊದಲು ಅವರ ಚೀಲ ಖಾಲಿ ಮಾಡಿಸು. ಇರುವ ಕಾಗದವೆಲ್ಲ ಮೇಜಿನ ಮೇಲೆ ಬರಲಿ. ಎಲ್ಲಾ ನೋಡು. ಆಮೇಲೆ ಬಾಯಿ ತೆರೆ."

"ಎಲ್ಲಾ ನೋಡಿದರೆ ಲೈನು ಸ್ಟೇಶನ್ ತನಕ ಹೋಗ್ತದೆ ಮೇಡಂ."

"ಹೋಗಲಿ ಬಾಬಾ. ಸ್ಟೇಶನ್ನಲ್ಲಿ ನೆರಳಿದೆ."

ಆ ಪಾಠದ ಬೆಲೆ ಮೊದಲ ತಿಂಗಳೇ ಕಣ್ಣಾರೆ ಕಂಡೆ. ಡೊಂಬಿವ್ಲಿಯಿಂದ ಉಡುಪಿ ಕಡೆಯ ಶೀನಣ್ಣ ಅನ್ನುವವರು ಹೆಂಡತಿಯ ಜೊತೆ ಬಂದಿದ್ದರು. ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾದವರು. ಕಾರ್ಡು ಬಿಳಿ. ನಾನು ಆಗುವುದಿಲ್ಲ ಎಂದು ಕೈ ಆಡಿಸಿದೆ. ಮೇಡಂ ನನ್ನ ಕೈಯನ್ನು ಕೆಳಗಿಳಿಸಿ ಅವರ ಚೀಲ ಸುರಿಸಿದರು. ಹಾಲಿನ ಪಾಸು, ಮಗಳ ಮದುವೆಯ ಕಾಗದ, ದಾರ ಕಟ್ಟಿದ ಗುಳಿಗೆ ಚೀಟಿಗಳು, ಅದರ ಕೆಳಗೆ ಕಾರ್ಖಾನೆಯ ಕಾಲದ ಕಾರ್ಮಿಕ ವಿಮೆಯ ಹಳೇ ಕಾರ್ಡು. ಸಂಬಳದಿಂದ ವಿಮೆಗೆ ಹಣ ಹಿಡಿಸಿಕೊಂಡು ಪೂರ್ತಿ ವಯಸ್ಸಿಗೆ ನಿವೃತ್ತರಾದವರು ವರ್ಷಕ್ಕೆ ಚಿಲ್ಲರೆ ಹಣ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಕಾರ್ಮಿಕ ವಿಮಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತಿತ್ತು. ಇದು ಶೀನಣ್ಣನವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

"ಅಯ್ಯೋ ದೇವರೇ, ಏಳು ವರ್ಷದಿಂದ ಇವಳ ಮಾತ್ರೆಗೆ ನಾನು ಅಂಗಡಿಗೆ ಸುರೀತಾ ಇದ್ದೇನೆ ಮಾರಾಯ್ರೆ," ಎಂದು ಅವರು ಹೆಂಡತಿಯ ಮುಖ ನೋಡಿದರು.

"ನಾನು ಆವತ್ತೇ ಹೇಳಿದ್ದೆ, ಯಾರನ್ನಾದ್ರೂ ಕೇಳಿ ಅಂತ. ನಿಮಗೆ ಕೇಳ್ಲಿಕ್ಕೆ ನಾಚಿಕೆ," ಎಂದಳು ಆಕೆ.

ಇಷ್ಟು ನೋಡಿದ ಮೇಲಾದರೂ ನಾನು ಬದಲಾಗಬೇಕಿತ್ತು. ಆಗಲಿಲ್ಲ. ಚೀಲ ಸುರಿಸುವುದು ನನಗೆ ಬೇಜಾರು. ಎಲೆ ಅಡಿಕೆಯ ಪುಡಿ, ಮುದುರಿದ ಬಸ್ ಟಿಕೆಟು, ದೇವರ ಭಂಡಾರದ ಅರಿಶಿನ, ಎಲ್ಲ ಬಂದು ಮೇಜಿನ ಮೇಲೆ ಬೀಳುತ್ತಿತ್ತು. ಕಾರ್ಡಿನ ಬಣ್ಣ ನೋಡಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದಲ್ಲ ಎಂಬುದು ನನ್ನ ಲೆಕ್ಕ. ಮೇಡಂ ಇದ್ದಾಗ ಸುರಿಸುತ್ತಿದ್ದೆ, ಇಲ್ಲದಾಗ ಬಿಡುತ್ತಿದ್ದೆ.

ಒಮ್ಮೆ ಐರೋಲಿಯಿಂದ ಮೈಸೂರಿನ ಒಬ್ಬರು ತಂದೆಯನ್ನು ಕರೆದುಕೊಂಡು ಬಂದರು. ಕುತ್ತಿಗೆಯಲ್ಲಿ ಕಂಪನಿಯ ಬ್ಯಾಡ್ಜು. ಕಾರ್ಡು ಬಿಳಿ.

"ನಮ್ ತಂದೆಗೆ ಎಪ್ಪತ್ತಾಯ್ತು ಕಣ್ರೀ. ಸೀನಿಯರ್ ಸಿಟಿಜನ್. ವಯಸ್ಸಾದವರಿಗೆ ಅಂತ ಏನೂ ಇಲ್ವಾ ಇದ್ರಲ್ಲಿ?"

"ವಯಸ್ಸಿನ ಮ್ಯಾಲೆ ಇಲ್ರಿ ಸರ್. ಕಾರ್ಡಿನ ಬಣ್ಣದ ಮ್ಯಾಲೆ."

"ಹಾಗಾದ್ರೆ ಬಿಳಿ ಕಾರ್ಡು ಯಾತಕ್ಕಿರೋದು?"

"ಸಿಮ್ ಕಾರ್ಡ್ ತಗೊಳ್ಳಾಕ ನಡೀತದ್ರಿ."

ಮಗ ಕೆಂಪಗಾದರು. ಅಪ್ಪ ನಕ್ಕುಬಿಟ್ಟರು. "ನಡಿಯೋ, ಸಿಮ್ಮಾದ್ರೂ ತಗೊಂಡ್ ಹೋಗೋಣ," ಎಂದರು. ಲೈನಿನಲ್ಲಿದ್ದವರೂ ನಕ್ಕರು. ನನಗೆ ದಿನವೆಲ್ಲ ಖುಷಿ. ಸಂಜೆ ಮೇಡಂ ಕೇಳಿದರು: "ಮಗನ ಕಂಪನಿಯ ಪಾಲಿಸಿಯಲ್ಲಿ ಅಪ್ಪನನ್ನು ಸೇರಿಸಲು ಬರುತ್ತದಾ ಎಂದು ವಿಚಾರಿಸಲು ಹೇಳಿದೆಯಾ?" ಹೇಳಿರಲಿಲ್ಲ. ಅವರ ಫೋನ್ ನಂಬರು ಕೂಡ ಬರೆದುಕೊಂಡಿರಲಿಲ್ಲ. ಚೇಷ್ಟೆ ಮಾಡಿ ಕಳಿಸಿದ್ದೆ, ಅಷ್ಟೇ.

ನನ್ನ ತಲೆ ಪೂರಾ ತಿರುಗಿದ್ದು ಜತ್ತದ ಮುದುಕನಿಂದ. ಜತ್ತ ನಮ್ಮ ಇಂಡಿಗೆ ಬಹಳ ದೂರವಲ್ಲ. ಮಾತು ನಮ್ಮದೇ, ಕನ್ನಡವೇ. ಆದರೆ ಊರು ಮಹಾರಾಷ್ಟ್ರದಲ್ಲಿದೆ. ಆ ಮುದುಕ ಕನ್ನಡದಲ್ಲಿ ಬಾಯಿ ಬಿಟ್ಟ ಕೂಡಲೇ ಬಿಲ್ಲಿಂಗಿನವರು ಕರ್ನಾಟಕದವನು, ಯೋಜನೆ ಇಲ್ಲ ಎಂದು ಹೊರಗೆ ಕಳಿಸಿದ್ದರು. ನಾನು ಅವನ ಕಾರ್ಡು ಹಿಡಿದು ಹೋಗಿ, ಇದು ಸಾಂಗ್ಲಿ ಜಿಲ್ಲೆಯದು, ಇಲ್ಲೇ ನಡೆಯುತ್ತದೆ ಎಂದು ವಾದ ಮಾಡಿದೆ. ಗೆದ್ದೆ. ಆಪರೇಶನ್ ಆಯಿತು. ಡಾಕ್ಟರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಅವತ್ತಿನಿಂದ ಗಡಿಯ ಆಚೆ ಈಚೆಯ ಕಾರ್ಡುಗಳ ವಿಷಯ ನನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ ಅಂದುಕೊಂಡೆ. ಗಡಿಯ ಆಚೆ ಏನಿದೆ ಎಂದು ಮಾತ್ರ ಒಂದು ದಿನವೂ ವಿಚಾರಿಸಲಿಲ್ಲ.

ಈಗ ಭೀಮಾಬಾಯಿಯ ಮಾತು.

ಅಫಜಲಪುರ ತಾಲೂಕಿನ ಹೆಂಗಸು. ಅರವತ್ತರ ಮೇಲೆ ಒಂದೆರಡು. ಮಗ ಮಲ್ಲಪ್ಪ ಭಿವಂಡಿಯ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ, ಶಹಾಡಿನ ಚಾಳಿನಲ್ಲಿ ಮನೆ. ಭೀಮಾಬಾಯಿ ಸ್ವಲ್ಪ ದಿನ ಊರಲ್ಲಿ, ಸ್ವಲ್ಪ ದಿನ ಮಗನ ಹತ್ತಿರ. ನಡೆದರೆ ಏದುಸಿರು ಎಂದು ತೋರಿಸಲು ಬಂದಿದ್ದರು. ನಮ್ಮ ಡಾಕ್ಟರು ನೋಡಿ, ಹೃದಯದ ಒಂದು ವಾಲ್ವ್ ಕೆಟ್ಟಿದೆ, ಗುಳಿಗೆಯಿಂದ ಕೆಲವು ತಿಂಗಳು ತಳ್ಳಬಹುದು, ಆದರೆ ಆಪರೇಶನ್ ಆಗಲೇಬೇಕು ಎಂದು ಬರೆದುಕೊಟ್ಟರು. ಆ ಕಾಗದ ಹಿಡಿದು ಇಬ್ಬರೂ ನನ್ನ ಮುಂದೆ ನಿಂತರು. ಮೇಡಂ ಆ ದಿನ ಮೀಟಿಂಗಿಗೆ ಥಾಣೆಗೆ ಹೋಗಿದ್ದರು.

"ಕಾರ್ಡ್ ಅದ ಏನ್?" ಎಂದೆ.

"ಅದ್ರಿ ಸಾಹೇಬ್ರ. ಕೇಸರಿ ಅದ," ಎಂದು ಮಲ್ಲಪ್ಪ ಕೊಟ್ಟ. ಅವನು ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ಸಾಹೇಬ್ರ ಅಂದ. ನನಗೆ ಹಿತವಾಯಿತು.

"ಇದ್ರಾಗ ಅವ್ವನ ಹೆಸರೇ ಇಲ್ಲಲ್ಲೋ."

"ಅಕೀದು ಊರ ಕಾರ್ಡಿನ್ಯಾಗ ಅದ್ರಿ. ಅಲ್ಲಿ ಅಕ್ಕಿ ಬರ್ತದಲ್ರಿ."

"ಊರ ಕಾರ್ಡ್ ಕರ್ನಾಟಕದ್ದು, ಇಲ್ಲಿ ನಡ್ಯಂಗಿಲ್ಲ. ಹೋಗಿ ಅಲ್ಲಿ ಹೆಸರ ಕಡಸು. ಕಡಸಿದ್ದಕ್ಕ ದಾಖಲಾ ಕೊಡ್ತಾರ, ಅದನ್ನ ತಂದು ಇಲ್ಲಿ ನಿನ್ನ ಕಾರ್ಡಿಗೆ ಹಚ್ಚಸು. ಆಪರೇಶನ್ ಫುಕಟ್ ಆಗ್ತದ, ಒಂದ ರೂಪಾಯಿ ಹತ್ತಂಗಿಲ್ಲ."

"ಖರೇನ ಆಗ್ತದೇನ್ರಿ?"

"ನಾ ಹೇಳಾಕತ್ತೀನಲ್ಲ."

ಅಷ್ಟರಲ್ಲಿ ಭೀಮಾಬಾಯಿ ಸೊಂಟದಿಂದ ಎಲೆ ಅಡಿಕೆಯ ಚಂಚಿ ತೆಗೆದಳು. ಅದರೊಳಗಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಮೇಜಿನ ಮೇಲೆ ನನ್ನ ಕಡೆ ಸರಿಸಿದಳು. ಸುಣ್ಣದ ಕಲೆ ಹತ್ತಿತ್ತು.

"ತಮ್ಮಾ, ಇದೊಂದ ನೋಡಪಾ. ಊರಾಗ ಡಾಕ್ಟರ ಮಂದಿ ಬಂದಿದ್ರು. ಎದಿ ನೋಡಿ ಚೀಟಿ ಕೊಟ್ಟಾರ."

"ಆಯಿ, ಊರ ಚೀಟಿ ಊರಾಗ. ಇಲ್ಲಿ ಉಪಯೋಗಿಲ್ಲ. ಇಟ್ಕೋ."

"ಓದಿ ಅರ ನೋಡು. ನನಗೇನ ಓದಾಕ ಬರ್ತದ? ಇವನೂ ನನ್ನಂಗ."

"ಹಿಂದ ಲೈನ್ ನೋಡಿಯೇನ ಆಯಿ? ಅವ್ರೆಲ್ಲಾ ಬೈತಾರ ನನಗ."

ನಾನು ಕಾಗದವನ್ನು ಅವಳ ಕಡೆ ವಾಪಸ್ ಸರಿಸಿದೆ. ಅವಳು ಮಡಿಕೆಯ ಮೇಲೆ ಮಡಿಕೆ ಹಾಕಿ ಮತ್ತೆ ಚಂಚಿಯಲ್ಲಿಟ್ಟಳು. "ಆತು ಬಿಡು, ನೀ ಕಲ್ತಾವ, ನಿನಗ ಗೊತ್ತಿರ್ತದ," ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಆ ಕಾಗದ ಓದುತ್ತಿದ್ದೆನೇನೋ.

ಹೆಸರು ಕಡಿಯುವುದು ಯಾವ ಕಚೇರಿಯಲ್ಲೂ ತಡವಾಗುವುದಿಲ್ಲ. ಮಲ್ಲಪ್ಪ ಎರಡು ವಾರದಲ್ಲಿ ಊರಿಂದ ದಾಖಲೆ ತಂದ. ಸೇರಿಸುವುದು ಬೇರೆ ಮಾತು. ಇಲ್ಲಿಯ ರೇಷನ್ ಕಚೇರಿಯ ಗುಮಾಸ್ತ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಭಾಷೆ ಎಂದ. ಮರಾಠಿಗೆ ಅನುವಾದ ಮಾಡಿಸಿ ಶಿಕ್ಕಾ ಹಾಕಿಸಿ ತನ್ನಿ ಎಂದ. ನಾನೇ ಬರೆದುಕೊಟ್ಟೆ, ನಡೆಯಲಿಲ್ಲ. ಕೋರ್ಟಿನ ಹತ್ತಿರ ಕೂರುವವರಿಂದ ಮಾಡಿಸಿದೆವು. ಆಮೇಲೆ ತಾಯಿ ಇಲ್ಲೇ ಇರುತ್ತಾಳೆ ಎಂಬುದಕ್ಕೆ ಪುರಾವೆ ಎಂದರು. ಚಾಳಿನ ಮಾಲೀಕ ಬರೆದುಕೊಡಲು ಒಪ್ಪಲಿಲ್ಲ, ಬರೆದುಕೊಟ್ಟರೆ ನಾಳೆ ಮನೆ ನಮ್ಮದು ಅನ್ನುತ್ತಾರೆ ಎಂಬ ಹೆದರಿಕೆ ಅವನಿಗೆ. ನಾನು ನನ್ನ ರಜೆಯ ದಿನ ಹೋಗಿ ಬೇಡಿಕೊಂಡೆ, ಅವನ ಕಾಲಿಗೆ ಬೀಳುವುದೊಂದು ಬಾಕಿ. ಹೀಗೆ ನಾಲ್ಕು ತಿಂಗಳು ಹೋಯಿತು, ಹೆಸರು ಸೇರಲಿಲ್ಲ. ಮಲ್ಲಪ್ಪ ಹಮಾಲಿ ಬಿಟ್ಟು ಬಂದ ದಿನಗಳನ್ನು ನಾನು ಎಣಿಸಲಿಲ್ಲ. ನನ್ನ ಓಡಾಟ ನೋಡಿ ನನಗೇ ನನ್ನ ಮೇಲೆ ಪ್ರೀತಿ ಬಂದಿತ್ತು.

ಒಂದು ಬೆಳಿಗ್ಗೆ ಭೀಮಾಬಾಯಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಕಾಲು ಬಾತಿದ್ದವು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅಡ್ಮಿಟ್ ಮಾಡಿಕೊಂಡರು. ವೈಶಾಲಿ ಮೇಡಂ ನನ್ನನ್ನು ಕರೆದು ಆಕೆಯ ಹಾಸಿಗೆಯ ಹತ್ತಿರ ಹೋದರು. ತಮ್ಮ ಅಭ್ಯಾಸದಂತೆ ಚಂಚಿ ಬಿಚ್ಚಿ ಎಲ್ಲವನ್ನೂ ಚಾದರದ ಮೇಲೆ ಸುರಿದರು. ಅಡಿಕೆ, ಸುಣ್ಣದ ಡಬ್ಬಿ, ಒಣಗಿದ ಎಲೆ, ನಾಲ್ಕು ಮಡಿಕೆಯ ಕಾಗದ.

"ಇದೇನು? ಓದು," ಎಂದರು.

ಓದಿದೆ. ಅದು ಕರ್ನಾಟಕದ ಯೋಜನೆಯ ಕ್ಯಾಂಪಿನ ಚೀಟಿ. ಅಲ್ಲಿಯ ಬಿಪಿಎಲ್ ಕಾರ್ಡಿನವರಿಗೆ ಹೃದಯದ ಆಪರೇಶನ್ ಉಚಿತ. ಭೀಮಾಬಾಯಿಯ ಹೆಸರು, ವಯಸ್ಸು, ವಾಲ್ವ್ ಬದಲಿಸಬೇಕು ಎಂಬ ಬರಹ, ಯಾವ ಆಸ್ಪತ್ರೆ, ಯಾವ ದಿನ ಬರಬೇಕು, ಎಲ್ಲ ಇತ್ತು. ಬರುವಾಗ ರೇಷನ್ ಕಾರ್ಡು ತರಬೇಕು ಎಂದಿತ್ತು. ಅವಳು ಅದನ್ನು ನನ್ನ ಮುಂದೆ ಸರಿಸಿದ ದಿನಕ್ಕೆ ಆ ತಾರೀಕು ಇನ್ನೂ ಮೂರು ವಾರ ಮುಂದಿತ್ತು. ಆ ಮೂರು ವಾರದಲ್ಲಿ ಮಲ್ಲಪ್ಪ ಊರಿಗೆ ಹೋಗಿದ್ದ. ನಾನು ಹೇಳಿದ ಹಾಗೆ ಹೆಸರು ಕಡಿಸಿಕೊಂಡು ಬಂದಿದ್ದ.

ಪ್ರತಿ ಸಾಲನ್ನೂ ಮೇಡಂಗೆ ಮರಾಠಿಯಲ್ಲಿ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. "ಇದನ್ನು ನೀನು ಮೊದಲು ನೋಡಿದ್ದೆಯಾ?" ಎಂದು ಕೇಳಿದರು. ಹೌದು ಎಂದೆ.

"ನನಗೆ ಕನ್ನಡ ಬರುವುದಿಲ್ಲ ಸಿದ್ದು. ಬರುತ್ತಿದ್ದರೆ ನಿನ್ನನ್ನು ಯಾಕೆ ಕೂರಿಸುತ್ತಿದ್ದೆ?"

ಆಮೇಲೆ ಬಹಳ ಮಾಡಿದೆವು. ಆ ಊರಿನ ಕಚೇರಿಗೆ ಫೋನು, ಹೆಸರು ಮತ್ತೆ ಸೇರಿಸಲು ಅರ್ಜಿ. ಅರ್ಜಿ ತೆಗೆದುಕೊಂಡರು, ಪಾಳಿಯ ಪ್ರಕಾರ ಆಗುತ್ತದೆ ಎಂದರು. ಮುಂಬೈಯ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆಸಿದೆವು, ಅಲ್ಲಿ ಆಪರೇಶನಿನ ಪಾಳಿ ತಿಂಗಳುಗಟ್ಟಲೆ ಮುಂದಿತ್ತು. ಉಸಿರು ಸ್ವಲ್ಪ ಸುಧಾರಿಸಿದಾಗ ಭೀಮಾಬಾಯಿ ತಾನೇ ಹೇಳಿದಳು, "ಊರಾಗೇ ಇರ್ತೀನಿ. ಹೆಸರ ಬಂದ ದಿನ ಅಲ್ಲಿಂದೇ ದವಾಖಾನಿಗಿ ಹೋಗಾಕ ಸಲೀಸ." ಮಲ್ಲಪ್ಪ ರೈಲಿನಲ್ಲಿ ಕರೆದುಕೊಂಡು ಹೋದ. ಹೆಸರು ಬರುವ ಮೊದಲೇ ತೀರಿಕೊಂಡಳು. ಅವಳು ಸತ್ತ ದಿನ ಎರಡು ರಾಜ್ಯಗಳಲ್ಲಿ ಯಾವ ಕಾರ್ಡಿನಲ್ಲೂ ಅವಳ ಹೆಸರು ಇರಲಿಲ್ಲ.

ಮುಂದೆ ಕೆಲಸದ ರೀತಿ ಬದಲಾಯಿತು. ಹೆಬ್ಬೆಟ್ಟಿನ ಯಂತ್ರ ಬಂತು. ಇಟ್ಟಿಗೆ ಹೊತ್ತು ಸವೆದ ಬೆರಳುಗಳನ್ನು ಅದು ಹಿಡಿಯುತ್ತಿರಲಿಲ್ಲ. ಎಣ್ಣೆ ಹಚ್ಚಿ, ಒರೆಸಿ, ಹತ್ತು ಸಲ ಒತ್ತಿಸುತ್ತಿದ್ದೆ. ಕೆಲವು ವರ್ಷದ ಮೇಲೆ ಒಂದು ರಾಜ್ಯದವರಿಗೆ ಇನ್ನೊಂದು ರಾಜ್ಯದಲ್ಲೂ ನಡೆಯುವ ಕಾರ್ಡು ಬಂತು. ಅದರ ಪೋಸ್ಟರನ್ನು ನಮ್ಮ ಮೇಜಿನ ಹಿಂದೆ ನಾನೇ ಅಂಟಿಸಿದೆ. ಅಂಟಿಸುವಾಗ ಮೇಡಂ ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ.

ಅದು ಆಮೇಲಿನ ಮಾತು. ಭೀಮಾಬಾಯಿ ಸತ್ತು ಒಂದು ತಿಂಗಳಿಗೆ ಮಲ್ಲಪ್ಪ ಆಸ್ಪತ್ರೆಗೆ ಬಂದ. ತಲೆ ಬೋಳಿಸಿದ್ದು ಇನ್ನೂ ಬೆಳೆದಿರಲಿಲ್ಲ. ಎಲ್ಲರ ಜೊತೆ ಲೈನಿನಲ್ಲೇ ನಿಂತ. ಅವನ ಪಾಳಿ ಬಂದಾಗ, "ಅವ್ವ ಹೋದಳ್ರಿ ಸಾಹೇಬ್ರ," ಎಂದ. "ನೀವ ಭಾಳ ಓಡ್ಯಾಡಿದ್ರಿ. ನಿಮ್ಮ ಉಪಕಾರ ಮರ್ಯಂಗಿಲ್ಲ." ನನ್ನ ಎರಡೂ ಕೈ ಹಿಡಿದು ಹಣೆಗೆ ಮುಟ್ಟಿಸಿಕೊಂಡ. ಚೀಟಿಯಲ್ಲಿ ಏನಿತ್ತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು. ಮುಂದಿನವರು ಬನ್ನಿ ಎಂದೆ.

ಒಂದು ವಾರ ಹೀಗೇ ಹೋಯಿತು. ಭಾನುವಾರ ಬೆಳಿಗ್ಗೆ ಶಹಾಡಿಗೆ ಹೋದೆ. ಮಲ್ಲಪ್ಪ ಮನೆಯ ಮುಂದೆ ಸೈಕಲ್ ತೊಳೆಯುತ್ತಿದ್ದ. ಹೆಂಡತಿಗೆ ಚಹಾ ಇಡು ಎಂದು ಕೂಗಿದ. ಬೇಡ ಎಂದೆ. ನಿಂತಲ್ಲೇ ಹೇಳಿದೆ. ಚೀಟಿಯಲ್ಲಿ ಏನಿತ್ತು, ನಾನು ಓದಲಿಲ್ಲ, ಹೆಸರು ಕಡಿಸದಿದ್ದರೆ ಆ ತಾರೀಕಿಗೆ ಅಲ್ಲಿ ಆಪರೇಶನ್ ಆಗುತ್ತಿತ್ತು. ಎಲ್ಲ.

ಅವನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ. ಇನ್ನೊಮ್ಮೆ ಹಿಂಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ತಡೆಯುತ್ತಿರಲಿಲ್ಲ.

"ಅಂದ್ರ ಹೆಸರ ಕಡಸೋದ ತಪ್ಪೇನು?" ಎಂದ.

"ಹೌದು. ಅಲ್ಲಿ ಕಡಸಿದ ಮ್ಯಾಲೆ ಇಲ್ಲಿ ಹೆಸರ ಹಚ್ಚಾಕ ತಿಂಗಳಗಟ್ಲೆ ಹಿಡೀತದ, ಅಲ್ಲೀತನಕ ಎಲ್ಲೂ ಇರಂಗಿಲ್ಲ. ಅವ್ವಂದು ಕಡಸೋದೇ ಬ್ಯಾಡಾಗಿತ್ತು."

"ನಾ ಮತ್ತ ಮೂರ ಮನ್ಯಾಗ ಹೇಳೇನಲ್ಲೋ."

ನನಗೆ ಅರ್ಥವಾಗಲಿಲ್ಲ.

"ಈ ಚಾಳಿನ್ಯಾಗ. ದವಾಖಾನಿ ಸಾಹೇಬ ಹೇಳ್ಯಾನ, ಊರಾಗ ಮುದುಕರ ಹೆಸರ ಕಡಸಿ ಇಲ್ಲಿ ಹಚ್ಚಸ್ರಿ, ಎಲ್ಲಾ ಫುಕಟ್ ಆಗ್ತದ ಅಂತ. ಬಸಣ್ಣನ ಅಪ್ಪಂದು ಕಡಸಿ ಆಗೇದ. ಉಳದ ಎರಡ ಮನ್ಯಾವ್ರು ನಾಳಿ ಊರಿಗಿ ಹೊಂಟಾರ."

ಬಟ್ಟೆಯನ್ನು ಸೈಕಲ್ ಮೇಲೆ ಎಸೆದು ಚಪ್ಪಲಿ ಹಾಕಿಕೊಂಡ. ಅವನು ಇಷ್ಟು ದಿನ ನನಗೆ ಸಾಹೇಬ್ರ, ನೀವ ಅನ್ನುತ್ತಿದ್ದ.

"ನಡಿ," ಎಂದ. "ನಾ ಹೇಳಂಗಿಲ್ಲ. ನೀನ ಹೇಳು. ನನಗ ಹೇಳ್ದಿಯಲ್ಲ, ಹಂಗ ಹೇಳು."

ಮೂರು ಬಾಗಿಲು ದಾಟಿ ನಿಂತ. ಬಸಣ್ಣ ಮನೆಯಲ್ಲಿರಲಿಲ್ಲ. ಅವನ ಅಪ್ಪ ಗೋಡೆಗೆ ಒರಗಿ ಕೂತಿದ್ದ, ಕೆಮ್ಮುತ್ತಿದ್ದ. ಮಲ್ಲಪ್ಪನ ಹಿಂದೆ ನನ್ನನ್ನು ಕಂಡು ಮುದುಕನ ಮುಖ ಅರಳಿತು.

"ಯಾರು, ದವಾಖಾನಿ ಸಾಹೇಬನೇನು? ನನ್ನ ಹೆಸರ ಬಂತೇನಪಾ ಇಲ್ಲಿ? ಬಾ, ಒಳಗ ಬಾ, ಕುಂದ್ರು," ಎಂದು ತಾನು ಕೂತಿದ್ದ ಚಾಪೆಯಲ್ಲಿ ಸರಿದು ಜಾಗ ಮಾಡಿದ.

ನಾನು ಕೂರಲಿಲ್ಲ. ಆದರೆ ಮುದುಕನ ಕಿವಿ ಮಂದ. ಹೊಸ್ತಿಲಲ್ಲಿ ನಿಂತು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಒಳಗೆ ಹೋಗಿ, ಅವನ ಮುಂದೆ ಬಗ್ಗಿ, ಪಕ್ಕದ ಮನೆಯವರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು.